ಸ್ಟುಡಿಯೋದಕ್ಕ ಎರಡನೆಯ ಸಲ ತೆಗೆದ ಫೋಟೊ

ಕಳೆದ ವಾರ ಮೂಡುಬಿದಿರೆಯ ನಮ್ಮ ಮನೆಯಲ್ಲಿ ತಮ್ಮನ ಸೊಸೆ ಹಬ್ಬದ ಅಡುಗೆಗೆಂದು ವಿನೆಗರ್ ಬಾಟಲಿಯ ಮುಚ್ಚಳ ತೆರೆದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ನಾನು ಹೆಚ್ಚುತ್ತಿದ್ದ ಈರುಳ್ಳಿಯನ್ನು ಬಿಟ್ಟು ಸುಮ್ಮನೆ ಕುಳಿತೆ. ಕಣ್ಣ ಮುಂದೆ ಬಂದದ್ದು ಅಡುಗೆಮನೆಯಲ್ಲ... ಬೆಳ್ತಂಗಡಿಯ ಒಂದು ಕತ್ತಲೆ ಕೋಣೆ, ಮಂದವಾದ ಕೆಂಪು ಬಲ್ಬು, ಟ್ರೇಯೊಳಗೆ ಬೆರಳು ಅದ್ದಿಕೊಂಡು ಉಸಿರು ಹಿಡಿದು ನಿಂತ ಒಬ್ಬ ಹೆಂಗಸು. ಫೋಟೊ ತೊಳೆಯುವ ಮದ್ದಿಗೂ ಇದೇ ವಾಸನೆ ಇತ್ತು.

ನಾನಾಗ ಬೆಳ್ತಂಗಡಿಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಊರವರಿಗೆಲ್ಲ ನಾನು 'ಸಿಸ್ಟರ್'. ಲಾಯಿಲದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಗಂಡ ಹೆಂಡತಿ ಒಂದು ಫೋಟೊ ಸ್ಟುಡಿಯೋ ನಡೆಸುತ್ತಿದ್ದರು. ಹೊರಗೆ ಕುರ್ಚಿ ಹಾಕಿ ಕೂರುವುದು, ಗಿರಾಕಿಗಳನ್ನು ಮಾತಾಡಿಸುವುದು ಗಂಡನ ಕೆಲಸ. ಆದರೆ ಹೆಂಗಸರ ಫೋಟೊ ತೆಗೆಯಬೇಕಾದರೆ, ಅದರಲ್ಲೂ ಮನೆಯ ಒಳಗೆ ಹೋಗಿ ತೆಗೆಯಬೇಕಾದರೆ, ಜನ ಕರೆಯುತ್ತಿದ್ದದ್ದು ಅವರ ಹೆಂಡತಿಯನ್ನು. ಮದುವೆಯಾಗಿ ಬಂದ ಮೇಲೆ ಗಂಡನಿಂದಲೇ ಕಲಿತ ಕೆಲಸ ಅದು. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಸ್ಟುಡಿಯೋದಕ್ಕ ಎಂದು. ಎತ್ತರದ ಹೆಂಗಸು. ಮದ್ದಿನ ನೀರಿನಲ್ಲಿ ಆಡಿ ಆಡಿ ಉಗುರುಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ನಾಚಿ ತಲೆ ತಗ್ಗಿಸಿದ ಮದುಮಗಳಿಗೆ, "ತಲೆ ಎತ್ತು ಮಾರಾಯ್ತಿ, ನಾನು ನೆಲದ ಫೋಟೊ ತೆಗೀಲಿಕ್ಕೆ ಬಂದದ್ದಲ್ಲ" ಎಂದು ಗದರುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಕಾಲ. ಅಲ್ಲಿಯವರೆಗೆ ಅವರು ಬಳಸುತ್ತಿದ್ದದ್ದು ಬಲ್ಬು ಹಾಕುವ ಫ್ಲ್ಯಾಶ್. ಒಂದು ಫೋಟೊಕ್ಕೆ ಒಂದು ಬಲ್ಬು, ಒಮ್ಮೆ ಉರಿದರೆ ಬಿಸಾಡುವುದೇ. ಆ ವರ್ಷ ಅವರ ಮೈದುನ ಕುವೈತಿನಿಂದ ಬರುವಾಗ ಹೊಸ ಫ್ಲ್ಯಾಶ್ ಒಂದನ್ನು ತಂದುಕೊಟ್ಟಿದ್ದ. ಅದರ ಮುಖದಲ್ಲಿ ಒಂದು ಪುಟ್ಟ ಕಣ್ಣು. ಬೆಳಕು ಎದುರಿನ ವಸ್ತುವಿಗೆ ತಾಗಿ ಹಿಂದೆ ಬಂದದ್ದನ್ನು ಆ ಕಣ್ಣು ನೋಡುತ್ತದಂತೆ, ಸಾಕೆನಿಸಿದ ಕ್ಷಣ ತಾನೇ ಬೆಳಕನ್ನು ನಿಲ್ಲಿಸುತ್ತದಂತೆ. ಬೇಡವೆಂದರೆ ಪಕ್ಕದ ಗುಂಡಿ ತಿರುಗಿಸಿ, ದೂರ ಅಳೆದು, ಕ್ಯಾಮೆರಾವನ್ನು ಕೈಯಿಂದಲೇ ಹೊಂದಿಸಿಕೊಳ್ಳಲೂಬಹುದು. ಆದರೆ ಆಟೋಮೆಟಿಕ್ ಇರುವಾಗ ಆ ಕಷ್ಟ ಯಾರಿಗೆ ಬೇಕು? ಅಕ್ಕನ ಗಂಡ, ನಮ್ಮ ಸ್ಟುಡಿಯೋದ ಅಣ್ಣ, ಅದನ್ನು ಬಂದವರಿಗೆಲ್ಲ ತೋರಿಸಿ ಸಂಭ್ರಮಪಡುತ್ತಿದ್ದರು.

ಆ ದಿನಗಳಲ್ಲೇ ಕಕ್ಕಿಂಜೆಯಿಂದ ಒಬ್ಬ ಹೆಂಗಸನ್ನು ನಮ್ಮ ಆಸ್ಪತ್ರೆಗೆ ಕರೆತಂದರು. ಮರದ ವ್ಯಾಪಾರ ಮಾಡುವ ಬ್ಯಾರಿ ಮುಸಲ್ಮಾನರೊಬ್ಬರ ಹೆಂಡತಿ. ಇನ್ನೂ ಸಣ್ಣ ಪ್ರಾಯ. ಎಡಗಿವಿಯ ಕೆಳಗೆ ಹುಟ್ಟಿದ ಗಡ್ಡೆ ದವಡೆಯನ್ನೆಲ್ಲ ಆವರಿಸಿ ಕುತ್ತಿಗೆಗೆ ಇಳಿದಿತ್ತು. ಎರಡು ವರ್ಷದಿಂದ ಆಕೆ ತಲೆಯ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡೇ ಬದುಕುತ್ತಿದ್ದಳು. ತವರಿನವರಿಗೂ ಮುಖ ತೋರಿಸಿರಲಿಲ್ಲ. ಈಗ ಗಡ್ಡೆ ಒಳಗಿನಿಂದ ಒತ್ತಿ, ಮಲಗಿದರೆ ಉಸಿರು ಕಟ್ಟುತ್ತಿತ್ತು.

ನಮ್ಮ ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದು, "ಇದು ನನ್ನ ಕೈಯಲ್ಲಿ ಆಗುವುದಲ್ಲ ಸಿಸ್ಟರ್, ಮದ್ರಾಸಿಗೆ ಹೋಗಬೇಕು" ಎಂದರು. ಆದರೆ ಆಕೆ ಹೋಗಲು ಒಪ್ಪಲಿಲ್ಲ. ಅಷ್ಟು ದೂರ ಹೋಗಿ, ಹತ್ತು ಜನರಿಗೆ ಮುಖ ತೋರಿಸಿ, ಕೊನೆಗೆ ಆಗುವುದಿಲ್ಲ ಎಂದು ಕೇಳಿಸಿಕೊಂಡು ಬರುವುದಾದರೆ ಮನೆಯಲ್ಲೇ ಸಾಯುತ್ತೇನೆ ಎಂದುಬಿಟ್ಟಳು. ಡಾಕ್ಟರು ಮರುದಿನವೇ ಬೇರೊಂದು ಕೆಲಸಕ್ಕೆ ಮದ್ರಾಸಿಗೆ ಹೊರಟಿದ್ದರು. ಮಧ್ಯಾಹ್ನ ಬೆಳ್ತಂಗಡಿ ಬಿಟ್ಟು ಮಂಗಳೂರಿನಲ್ಲಿ ರೈಲು ಹಿಡಿಯಬೇಕಿತ್ತು. ಅಲ್ಲಿನ ದೊಡ್ಡ ಸರ್ಜನರಿಗೆ ಫೋಟೊ ತೋರಿಸಿ ಮೊದಲೇ ಕೇಳಿ ಬರುತ್ತೇನೆ ಎಂದರು. ಫೋಟೊ ಎದುರಿನಿಂದ ಬೆಳಕು ಬಿಟ್ಟು ತೆಗೆದದ್ದಾದರೆ ಪ್ರಯೋಜನವಿಲ್ಲ, ಗಡ್ಡೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಪಕ್ಕದಿಂದ ಬೀಳಬೇಕು, ಅದರ ಏರು, ಅಂಚು ಎಲ್ಲ ಕಾಣಬೇಕು ಎಂದೂ ಹೇಳಿದರು.

ಹೆಂಗಸೇ ಫೋಟೊ ತೆಗೆಯುವುದಾದರೆ, ನಾನೊಬ್ಬಳೇ ಪಕ್ಕದಲ್ಲಿ ಇರುವುದಾದರೆ ಆಗಬಹುದು ಎಂದು ಆಕೆ ಬಹಳ ಹೊತ್ತಿನ ಮೇಲೆ ತಲೆಯಾಡಿಸಿದಳು. ನಾನು ಓಡಿಹೋಗಿ ಸ್ಟುಡಿಯೋದಕ್ಕನನ್ನು ಕರೆತಂದೆ.

ಪರೀಕ್ಷೆಯ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಅಕ್ಕ ಕ್ಯಾಮೆರಾ ಇಟ್ಟುಕೊಂಡು ಎದುರು ನಿಂತರು. ಉದ್ದದ ವಯರು ಸಿಕ್ಕಿಸಿದ ಫ್ಲ್ಯಾಶನ್ನು ನನ್ನ ಕೈಗೆ ಕೊಟ್ಟು ಗೋಡೆಯ ಹತ್ತಿರ, ಆಕೆಯ ಎಡಬದಿಗೆ ನಿಲ್ಲಿಸಿದರು. ಆಕೆ ಬಟ್ಟೆ ಸರಿಸಿದಳು. ಸರಿಸುವಾಗ ಕಣ್ಣು ಮುಚ್ಚಿಕೊಂಡಿದ್ದಳು... ಫ್ಲ್ಯಾಶ್ ಹೊಡೆದಾಗಲೆಲ್ಲ ಆಕೆಯ ಮೈ ಒಮ್ಮೆ ಬೆಚ್ಚುತ್ತಿತ್ತು. ಎಲ್ಲ ಬೇಗ ಮುಗಿಯಿತು. ಅಕ್ಕನ ಮುಖದಲ್ಲೂ ಸಮಾಧಾನವಿತ್ತು. ಆಕೆಯನ್ನು ಗಂಡ ಕಕ್ಕಿಂಜೆಗೆ ಕರೆದುಕೊಂಡು ಹೋದರು.

ಸಂಜೆ ಕೆಲಸ ಮುಗಿಸಿ ನಾನು ಸ್ಟುಡಿಯೋಗೆ ಹೋದಾಗ ಗಂಡ ಹೆಂಡತಿ ಇಬ್ಬರೂ ತಲೆ ಎತ್ತಿ ನೋಡುತ್ತಾ ನಿಂತಿದ್ದರು. ತೊಳೆದ ಫಿಲ್ಮ್ ತಂತಿಯಲ್ಲಿ ನೇತಾಡುತ್ತಿತ್ತು. ನನಗೆ ಏನೂ ತಿಳಿಯದಿದ್ದರೂ, ಅದು ಗಾಜಿನ ಹಾಗೆ ಖಾಲಿಯಾಗಿರುವುದು ಕಂಡಿತು. ಗೋಡೆಯ ತುಂಡೊಂದು ಮಾತ್ರ ಮೂಡಿತ್ತು. ಮುಖವಿರಬೇಕಾದಲ್ಲಿ ಮುಖದ ಗುರುತೇ ಇರಲಿಲ್ಲ.

"ಅದರ ಕಣ್ಣಿಗೆ ಗೋಡೆಯ ಬಿಳಿ ಕಂಡಿದೆ ಸಿಸ್ಟರ್," ಎಂದರು ಅಕ್ಕ ತಗ್ಗಿದ ದನಿಯಲ್ಲಿ. "ಬೆಳಕು ಸಾಕು ಅಂತ ನಿಲ್ಲಿಸಿಬಿಟ್ಟಿದೆ. ಫ್ಲ್ಯಾಶ್ ಕ್ಯಾಮೆರಾದ ಮೇಲೆ ಇರ್ತಿದ್ರೆ ಇಬ್ಬರೂ ಒಂದೇ ಕಡೆ ನೋಡ್ತಿದ್ರು. ಬದಿಗೆ ತಗೊಂಡು ಹೋದೆ. ಅದು ನೋಡಿದ್ದೇ ಬೇರೆ, ನಾನು ನೋಡಿದ್ದೇ ಬೇರೆ."

ಅಣ್ಣನಿಗೆ ಅದು ಒಪ್ಪಿಗೆಯಾಗಲಿಲ್ಲ. ಹಿಡಿದದ್ದು ಓರೆಯಾಗಿರಬೇಕು, ನಾಳೆ ಸರಿಯಾಗಿ ಹಿಡಿದು ಆಟೋಮೆಟಿಕ್‌ನಲ್ಲೇ ತೆಗೆಯುವ ಎಂದರು. ಅವರ ಮಾತಿನಲ್ಲೂ ಅರ್ಥವಿತ್ತು. ಕೈಯಿಂದ ಹೊಂದಿಸಿದರೆ ಫ್ಲ್ಯಾಶ್ ಪ್ರತಿ ಸಲವೂ ಪೂರ್ತಿ ಶಕ್ತಿಯಿಂದ ಉರಿಯುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಇದ್ದ ಬ್ಯಾಟರಿಗಳು ಹಳತು. ಹೊಸದು ಬೇಕಾದರೆ ಬಂಟ್ವಾಳ ಪೇಟೆಗೆ ಹೋಗಬೇಕು, ಅದಕ್ಕೆ ಸಮಯವಿರಲಿಲ್ಲ. ಹಳೆಯ ಬಲ್ಬುಗಳೂ ಮುಗಿದಿದ್ದವು. ಅಳತೆ ಸ್ವಲ್ಪ ತಪ್ಪಿದರೆ ಉಳಿದ ಒಂದೆರಡು ಅವಕಾಶವೂ ಹೋಯಿತು. "ಯಂತ್ರವಾದರೆ ಬ್ಯಾಟರಿ ಉಳಿಸಿ ನಾಲ್ಕು ತೆಗೆಯಲಿಕ್ಕೆ ಬಿಡ್ತದೆ. ನಿನ್ನ ಕೈಗೆ ಎಷ್ಟು ಸಿಕ್ತದೆ?" ಎಂದು ಕೇಳಿದರು. ಅಕ್ಕ ನನ್ನ ಕಡೆ ತಿರುಗಿ, "ಬೆಳಗ್ಗಿನ ಮೊದಲ ಬಸ್ಸಿಗೆ ಕಕ್ಕಿಂಜೆಗೆ ಹೋಗುವ ಸಿಸ್ಟರ್" ಎಂದಷ್ಟೇ ಹೇಳಿದರು.

ಚಾರ್ಮಾಡಿ ರಸ್ತೆಯ ಆ ಬಸ್ಸಿನಲ್ಲಿ ಅವರು ಫ್ಲ್ಯಾಶನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ಹೆಬ್ಬೆರಳು ಆ ಗುಂಡಿಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸುತ್ತಲೇ ಇತ್ತು. ಅವರು ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಫೋಟೊದ ಹೆದರಿಕೆ ಅಲ್ಲ ನನಗೆ," ಎಂದರು ನಡುವೆ ಎಲ್ಲೋ. "ಅವಳ ಹತ್ತಿರ ಇನ್ನೊಂದು ಸಲ ಬಟ್ಟೆ ಸರಿಸು ಅಂತ ಯಾವ ಬಾಯಲ್ಲಿ ಕೇಳುದು?"

ಕಕ್ಕಿಂಜೆಯ ಮನೆಯಂಗಳದಲ್ಲಿ ಆಕೆಯ ಗಂಡ ನಿಂತಿದ್ದರು. ವಿಷಯ ಕೇಳಿದ್ದೇ ಅವರ ಮುಖ ಕೆಂಪಾಯಿತು. "ಎಂತ, ಆಟ ಆಡ್ತೀರಾ ನೀವು? ನಿನ್ನೆ ಇಲ್ಲಿಗೆ ಬಂದ ಮೇಲೆ ಅವಳು ಒಂದು ತುತ್ತು ಉಣ್ಣಲಿಲ್ಲ. ಸಾಕು, ಹೋಗಿ" ಎಂದು ಕೂಗಿದರು. ನಾನು ಏನೋ ಹೇಳಲು ಬಾಯಿ ತೆರೆದೆ. ಆಸ್ಪತ್ರೆಯ ಮರ್ಯಾದೆ ಉಳಿಸುವಂಥದ್ದು ಏನೋ... ಅಕ್ಕ ನನ್ನ ಕೈಹಿಡಿದು ತಡೆದರು. ಒಳಗಿನ ಬಾಗಿಲ ಸಂದಿಯಲ್ಲಿ ನಿಂತಿದ್ದ ಆಕೆಗೆ ಕೇಳಿಸುವ ಹಾಗೆ ಹೇಳಿದರು: "ನಿನ್ನೆ ತೆಗೆದದ್ದು ಒಂದೂ ಬರಲಿಲ್ಲ ತಂಗಿ. ತಪ್ಪು ನನ್ನದು. ಯಂತ್ರವನ್ನು ನಂಬಿದೆ."

ಬಟ್ಟೆಯ ಒಳಗಿನಿಂದ ಆಕೆಯ ಉಸಿರು ಎಳೆದೆಳೆದು ಬರುವುದು ಕೇಳುತ್ತಿತ್ತು.

"ಇವತ್ತು ಬರ್ತದೆ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದು ಕೇಳಿದಳು.

"ಇಲ್ಲ," ಎಂದರು ಅಕ್ಕ. "ಆದರೆ ಇವತ್ತು ಯಂತ್ರಕ್ಕೆ ಬಿಡುದಿಲ್ಲ. ನಾನೇ ನೋಡ್ತೇನೆ."

ಬರುತ್ತದೆ ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ನನಗೆ ಸಿಟ್ಟೇ ಬಂತು. ಆದರೆ ಆಕೆ ಬಾಗಿಲಿನಿಂದ ಬದಿಗೆ ಸರಿದು ನಮಗೆ ಒಳಗೆ ಬರಲು ದಾರಿ ಬಿಟ್ಟಳು.

ಒಳಕೋಣೆ ಹೊಗೆ ಹಿಡಿದು ಕಪ್ಪಾಗಿತ್ತು. ಅಕ್ಕ ಒಮ್ಮೆ ಗೋಡೆಗಳನ್ನು ನೋಡಿದರು. "ಈ ಕಪ್ಪು ಕಂಡರೆ ಅದು ಬೆಳಕನ್ನು ನಿಲ್ಲಿಸುವುದೇ ಇಲ್ಲ. ಫೋಟೊದಲ್ಲಿ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾದೀತು" ಎಂದು ಗುಂಡಿಯನ್ನು ಆಟೋಮೆಟಿಕ್‌ನಿಂದ ತಪ್ಪಿಸಿದರು. ಮತ್ತೆ ಅದನ್ನು ಮುಟ್ಟಲಿಲ್ಲ. ಸೊಂಟದಿಂದ ದರ್ಜಿಯ ಟೇಪು ತೆಗೆದು ಅದರ ಒಂದು ತುದಿಯನ್ನು ಆಕೆಯ ಕೈಗೆ ಕೊಟ್ಟರು. "ಗಡ್ಡೆಯ ಹತ್ತಿರ ಹಿಡಿದುಕೋ ತಂಗಿ, ನೀನೇ. ನೋವಾಗದ ಹಾಗೆ." ಆಕೆ ಬಟ್ಟೆಯನ್ನು ಸರಿಸಿ, ಒಂದು ಬೆರಳಿನಿಂದ ಟೇಪಿನ ತುದಿಯನ್ನು ಕೆನ್ನೆಗೆ ಒತ್ತಿ ಹಿಡಿದಳು. ಇನ್ನೊಂದು ತುದಿ ನನ್ನ ಕೈಯ ಫ್ಲ್ಯಾಶಿಗೆ ಬಂತು. ಈ ಸಲ ಆಕೆ ಕಣ್ಣು ಮುಚ್ಚಿರಲಿಲ್ಲ. ಅಕ್ಕ ಲೆಕ್ಕ ಹಾಕುತ್ತಾ ಕ್ಯಾಮೆರಾದ ಲೆನ್ಸಿನ ಸುತ್ತಲಿನ ಬಳೆ ತಿರುಗಿಸುವುದನ್ನೇ ನೋಡುತ್ತಿದ್ದಳು.

ಮೊದಲನೆಯದು ಹೊಡೆಯಿತು. ಫ್ಲ್ಯಾಶಿನ ಮಗ್ಗುಲಲ್ಲಿ ಒಂದು ಕೆಂಪು ದೀಪ. ಅದು ಹತ್ತಿದ ಮೇಲೆಯೇ ಮುಂದಿನದು. ಅದು ಹತ್ತಲು ಹೊತ್ತು ಹಿಡಿಯಿತು. ಎರಡನೆಯದು ಹೊಡೆದ ಮೇಲೆ ದೀಪ ಹತ್ತಲೇ ಇಲ್ಲ. ಆಕೆಗೆ ಕೆಮ್ಮು ಬಂತು, ಉಸಿರು ಸಿಕ್ಕಿಕೊಂಡಿತು, ಕುತ್ತಿಗೆಯ ನರಗಳು ಉಬ್ಬಿದವು. ನಾನು ಫ್ಲ್ಯಾಶ್ ಕೆಳಗಿಟ್ಟು ಆಕೆಯನ್ನು ಹಿಡಿಯಲು ಹೊರಟಾಗ ಆಕೆಯೇ ಕೈ ಅಡ್ಡ ಮಾಡಿ ಬೇಡವೆಂದಳು. ಟೇಪಿನ ತುದಿಯನ್ನು ಮತ್ತೆ ಹುಡುಕಿ ಕೆನ್ನೆಗೆ ಹಿಡಿದಳು. ನಾವು ಮೂವರೂ ಆ ಸಣ್ಣ ದೀಪವನ್ನೇ ನೋಡುತ್ತಾ ಕಾದೆವು. ಹೊರಗೆ ಆಕೆಯ ಗಂಡ ಅತ್ತಿತ್ತ ನಡೆಯುವ ಸದ್ದು. ಕೊನೆಗೆ ದೀಪ ಮಿಣುಕಿದ ಹಾಗಾಯಿತು. ಅಕ್ಕ ಟೇಪು ಬಿಡಲು ಕಣ್ಣಲ್ಲೇ ಹೇಳಿ, ಒತ್ತಿದರು. ಅದರೊಂದಿಗೆ ಬ್ಯಾಟರಿ ಸತ್ತಿತು.

ವಾಪಸು ಬರುವ ಬಸ್ಸು ಹೊರಟುಹೋಗಿತ್ತು. ನಾವು ರಸ್ತೆಯ ಬದಿಯಲ್ಲಿ ಕಂಗಾಲಾಗಿ ನಿಂತಿರುವಾಗ ಮರದ ದಿಮ್ಮಿ ತುಂಬಿದ ಲಾರಿಯೊಂದು ಬಂದು ನಿಂತಿತು. ಸ್ಟಿಯರಿಂಗ್ ಹಿಡಿದವರು ನಮ್ಮನ್ನು ಗದರಿದ ಅದೇ ಗಂಡ. "ಹತ್ತಿ" ಎಂದರು. ಬೆಳ್ತಂಗಡಿಯಲ್ಲಿ ನಮ್ಮನ್ನು ಸ್ಟುಡಿಯೋದ ಬಾಗಿಲಲ್ಲೇ ಇಳಿಸಿದರು.

ಫಿಲ್ಮನ್ನು ಅಕ್ಕ ಒಬ್ಬರೇ ಕತ್ತಲಲ್ಲಿ ತೊಳೆದರು. ಹೊರಗೆ ತಂದು ಕಿಟಕಿಗೆ ಹಿಡಿದಾಗ ಅಣ್ಣ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ತುಂಬ ಹೊತ್ತು ನೋಡಿದರು. ಒಳಗೆ ಹೋಗಿ, ಹೆಂಡತಿಗೋಸ್ಕರ ಕಾಗದ, ಟ್ರೇ ಎಲ್ಲ ಹೊಂದಿಸಿದರು. ಕೆಂಪು ಬೆಳಕಿನಲ್ಲಿ, ಮದ್ದಿನ ನೀರಿನೊಳಗಿನ ಬಿಳಿ ಕಾಗದದ ಮೇಲೆ ಮೊದಲು ಗಡ್ಡೆಯ ನೆರಳು ಮೂಡಿತು. ಆಮೇಲೆ ಅದರ ಏರು, ಅಂಚು, ಕುತ್ತಿಗೆಗೆ ಇಳಿದ ಗೆರೆ. ಕೊನೆಗೆ ನೆಟ್ಟ ನೋಟದ ಎರಡು ಕಣ್ಣು... ಮೂರೂ ಬಂದಿದ್ದವು.

ಡಾಕ್ಟರ ಕಾರು ಹೊರಟು ನಿಂತಿತ್ತು. ಒದ್ದೆ ಫೋಟೊಗಳನ್ನೇ ಪೇಪರಿನ ನಡುವೆ ಇಟ್ಟು ಅವರ ಕೈಗೆ ಕೊಟ್ಟೆ. ಅವರು ಒಂದನ್ನು ತೆಗೆದು ನೋಡಿ, "ಇದು ಸಾಕು" ಎಂದು ಕಾರು ಹತ್ತಿದರು.

ಮದ್ರಾಸಿನ ಸರ್ಜನರು ಕರೆದುಕೊಂಡು ಬನ್ನಿ ಎಂದರು. ಆಪರೇಷನ್ ಆಯಿತು. ಆಕೆ ಬದುಕಿದಳು. ಬಾಯಿ ಸ್ವಲ್ಪ ಒಂದು ಬದಿಗೆ ಎಳೆದುಕೊಂಡಿತು, ದವಡೆಯ ಕೆಳಗೆ ಉದ್ದಕ್ಕೂ ಹೊಲಿಗೆಯ ಗುರುತು. ತಿಂಗಳುಗಳ ನಂತರ ಗಂಡನ ಜೊತೆ ಸ್ಟುಡಿಯೋಗೆ ಬಂದಳು, ನನ್ನನ್ನೂ ಕರೆಸಿಕೊಂಡಿದ್ದಳು. ಡಾಕ್ಟರು ಹಿಂದಕ್ಕೆ ಕೊಟ್ಟಿದ್ದ ಫೋಟೊಗಳ ಲಕೋಟೆ ಆಕೆಯ ಕೈಯಲ್ಲಿತ್ತು. ಫಿಲ್ಮ್ ಕೂಡ ಬೇಕು ಎಂದಳು. ಇನ್ನು ಯಾರೂ ಅದನ್ನು ನೋಡಬಾರದು ಎಂದಳು.

ಅಣ್ಣ ಮೆತ್ತಗೆ ಹೇಳಿದರು, "ಒಂದಾದರೂ ಇಟ್ಟುಕೊಳ್ಳುವ. ಇಂಥ ಕೆಲಸ ಇನ್ನು ನಮ್ಮಿಂದ ಆಗ್ಲಿಕ್ಕಿಲ್ಲ."

"ಮುಖ ಅವಳದ್ದಲ್ವಾ?" ಎಂದರು ಅಕ್ಕ.

ಹಿತ್ತಲಿನ ಬಚ್ಚಲೊಲೆಯಲ್ಲಿ ಬೆಂಕಿ ಇತ್ತು. ಆಕೆ ಒಂದೊಂದಾಗಿ ಹಾಕಿದಳು. ಫಿಲ್ಮ್ ಸುರುಟಿಕೊಂಡು ಕೆಟ್ಟ ವಾಸನೆಯೊಂದಿಗೆ ಉರಿಯಿತು. ಸ್ಟುಡಿಯೋದಕ್ಕ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಕೊಳವೆಯಿಂದ ಊದಿ ಬೆಂಕಿ ಎಬ್ಬಿಸಿಕೊಟ್ಟರು. ಹೊಗೆಗೋ ಏನೋ, ಅವರ ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ನನಗೆ ಬೇರೆ ಊರುಗಳಿಗೆ ವರ್ಗವಾಯಿತು. ಕೆಲಸದಿಂದ ನಿವೃತ್ತಳಾಗಿ ಮೂಡುಬಿದಿರೆಗೆ ಬಂದು ನೆಲೆಸಿದ ಮೇಲೂ, ಒಮ್ಮೆ ಬೆಳ್ತಂಗಡಿಗೆ ಹೋಗಿ ಅಕ್ಕನನ್ನು ನೋಡಿ ಬರಬೇಕು ಎಂದು ಅಂದುಕೊಳ್ಳುತ್ತಲೇ ಇದ್ದೆ. ಅವರು ತೀರಿಹೋದ ಸುದ್ದಿ ನನಗೆ ತಲುಪಿದ್ದು ಉತ್ತರಕ್ರಿಯೆಯ ಬೊಜ್ಜದ ಊಟವೂ ಮುಗಿದ ಮೇಲೆ. ಅಣ್ಣ ಅದಕ್ಕೂ ಮೊದಲೇ ಹೋಗಿದ್ದರು. ಡಾಕ್ಟರೂ ಇಲ್ಲ. ಕಕ್ಕಿಂಜೆಯ ಆಕೆ ಮೊಮ್ಮಕ್ಕಳ ಮದುವೆ ನೋಡಿ ತೀರಿಕೊಂಡಳು ಎಂದು ಆ ಕಡೆಯವರೊಬ್ಬರು ಹೇಳಿದರು.

ಸ್ಟುಡಿಯೋದಕ್ಕ ತೆಗೆದ ಮದುವೆಯ ಫೋಟೊಗಳು ಆ ಊರಿನ ಎಷ್ಟೋ ಮನೆಗಳ ಗೋಡೆಯಲ್ಲಿ ಇನ್ನೂ ಇರಬಹುದು. ಆ ಮೂರನ್ನು ಮಾತ್ರ ಹುಡುಕಿದರೂ ಎಲ್ಲಿಯೂ ಸಿಗಲಾರವು. ಅವನ್ನು ಕಂಡವರಲ್ಲಿ ಈಗ ನನಗೆ ಗೊತ್ತಿರುವಂತೆ ಉಳಿದವಳು ನಾನೊಬ್ಬಳೇ.