ಎರಡು ಮುಷ್ಟಿ ಗೋಧಿ ಹಿಟ್ಟು

ರೊಟ್ಟಿ ಮುರಿಯುವಾಗಲೇ ನನಗೆ ಅನುಮಾನ ಬಂದಿತ್ತು. ಆದರೂ ಬಾಯಿ ಮುಚ್ಚಿಕೊಂಡು ಕೂತೆ.

ಈ ವಾರ ಬರೆಯಲು ಬೇರೆ ವಿಷಯ ಇಟ್ಟುಕೊಂಡಿದ್ದೆ. ಇರಲಿ, ಅದು ಎಲ್ಲಿಗೂ ಓಡಿ ಹೋಗುವುದಿಲ್ಲ. ಇದನ್ನು ನಿಮ್ಮ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ನನ್ನ ಮಗಳು ಶ್ರೇಯಾಗೆ ಹನ್ನೊಂದು ವರ್ಷ. ಅವಳಿಗೆ ಸಿಲಿಯಾಕ್ ಇದೆ ಎಂದು ಎರಡು ವರ್ಷದ ಹಿಂದೆ ಡಾಕ್ಟರ್ ಹೇಳಿದರು. ಗೋಧಿಯಲ್ಲಿರುವ ಗ್ಲುಟನ್ ಅವಳ ಕರುಳಿಗೆ ಆಗಿಬರುವುದಿಲ್ಲ. ಚೂರೂ ತಿನ್ನುವಂತಿಲ್ಲ. ಚಪಾತಿ, ಬ್ರೆಡ್ಡು, ಬಿಸ್ಕತ್ತು, ಉಪ್ಪಿಟ್ಟು, ಎಲ್ಲ ಬಂದ್.

"ಸೋಲಾಪುರದಾಗ ಇದೇನ್ ದೊಡ್ಡ ಮಾತ ಬಿಡ್ರಿ, ಜ್ವಾಳದ ರೊಟ್ಟಿ ತಿನಸ್ರಿ" ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದೊಂದೇ ಗೊತ್ತಾಯಿತು. ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆತಿರುತ್ತದೆ. (ಚಿಟಿಕೆ ಇಂಗಿಗೂ ಹೆದರುವ ಕಾಲ ಬರುತ್ತದೆ ಅಂತ ಯಾರು ಕಂಡಿದ್ದರು?) ಮನೆಗೇ ಸಣ್ಣ ಗಿರಣಿ ತಂದೆವು. ಅವಳ ಹಂಚು ಬೇರೆ, ಹಿಟ್ಟು ನಾದುವ ಪರಾತ ಬೇರೆ, ಡಬ್ಬಿ ಬೇರೆ.

ಮನೆ ಹೇಗೋ ನಡೆಯಿತು. ಹೊರಗೆ? ಅಕ್ಕಲಕೋಟೆಯ ಒಂದು ಹೋಟೆಲಿನಲ್ಲಿ ವೇಟರ್‌ಗೆ ಐದು ನಿಮಿಷ ಬಿಡಿಸಿ ಬಿಡಿಸಿ ಹೇಳಿದೆ. ಅವನು ಎಲ್ಲ ಕೇಳಿ, "ಟೆನ್ಶನ್ ತಗೋಬ್ಯಾಡ್ರಿ ಮ್ಯಾಡಂ, ನಮ್ಮಲ್ಲಿ ಮೈದಾ ಮುಟ್ಟಂಗೇ ಇಲ್ಲ. ಎಲ್ಲಾ ಪ್ಯೂರ್ ಗೋಧಿ" ಎಂದ. ಬಾಳೆಹಣ್ಣು ಕೊಂಡು ತಿಂದು ಮನೆಗೆ ಬಂದೆವು.

ಅದಕ್ಕೇ ಅಕ್ಕಲಕೋಟೆಯಾಚೆಯ ತಡವಳ ಹಳ್ಳಿಯ ನೀಲವ್ವ ಊಟಕ್ಕೆ ಕರೆದಾಗ ನನಗೆ ಖುಷಿಯಾಯಿತು. ಅವರದು ಕುರಿ ಸಾಕುವ ಮನೆತನ, ದಿನವೂ ಮನೆಯಲ್ಲೇ ಬೀಸಿದ ಜೋಳದ ರೊಟ್ಟಿ ಉಣ್ಣುವವರು. ನನ್ನ ಮಾವನ ಕಾಲದಿಂದ ಅವರ ಮನೆಯ ಮದುವೆ ಬಟ್ಟೆಯೆಲ್ಲ ನಮ್ಮ ಅಂಗಡಿಯದೇ. ಮನೆದೇವರು ಬೀರೋಬಾನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಊಟ ಹಾಕುತ್ತಾರೆ, ಗೋಧಿ ಹುಗ್ಗಿಯ ಊಟ. ಶ್ರೇಯಾಗೆ ಗೋಧಿ ನಡೆಯುವುದಿಲ್ಲ, ಜೋಳದ ರೊಟ್ಟಿ ಇದ್ದರೆ ಸಾಕು ಎಂದು ಫೋನಿನಲ್ಲೇ ಹೇಳಿದ್ದೆ.

"ಬರೇ ಜ್ವಾಳದ ರೊಟ್ಟಿ ನೀಡಲೇನ್ರಿ ವೈನಿ? ಮನಿಗಿ ಬಂದವರಿಗಿ?" ಎಂದು ನೀಲವ್ವ ರಾಗ ಎಳೆದಿದ್ದರು. ನಾನು ನಕ್ಕು ಫೋನ್ ಇಟ್ಟಿದ್ದೆ.

ಪಂಕ್ತಿಯಲ್ಲಿ ಎಲ್ಲರಿಗೂ ಹುಗ್ಗಿ, ತುಪ್ಪ. ಶ್ರೇಯಾಳ ತಾಟಿನಲ್ಲಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ನಾನೇ ಮೊದಲು ಒಂದು ತುಂಡು ಮುರಿದು ನೋಡಿದೆ. ಜೋಳದ ರೊಟ್ಟಿ ಅಂಚಿನಲ್ಲಿ ಬಿರಿದಿರುತ್ತದೆ, ಎಳೆದರೆ ಪಟ್ಟನೆ ಮುರಿಯುತ್ತದೆ. ಇದು ಚಪಾತಿಯ ಹಾಗೆ ಜಗ್ಗಿತು.

ಎದುರಿಗೇ ನೀಲವ್ವ ನಿಂತಿದ್ದರು. ಹಣೆ ತುಂಬ ಭಂಡಾರದ ಅರಿಶಿನ, ಬೆಳಗಿನಿಂದ ಒಲೆ ಮುಂದೆ ಬೆಂದ ಮುಖ. ಇಷ್ಟು ಮಾಡಿ ಬಡಿಸಿದವರನ್ನು, ಊರ ಮಂದಿಯ ನಡುವೆ, ಇದರಲ್ಲಿ ಏನು ಹಾಕಿದ್ದೀರಿ ಎಂದು ಕೇಳುವುದೇ? ನಮ್ಮ ಕಡೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

"ಮಮ್ಮಿ, ಖಾಊ ಕಾ?" ಎಂದಳು ಶ್ರೇಯಾ. ತಿನ್ನಲಾ ಅಂತ. (ಶಾಲೆಯ ಮರಾಠಿ ಅವಳ ಬಾಯಿ ಬಿಡುವುದಿಲ್ಲ.)

"ಹೂಂ, ತಿನ್ನವಾ" ಎಂದೆ.

ವಾಪಸು ಬರುವಾಗ ಅಕ್ಕಲಕೋಟೆ ದಾಟುವ ಮುಂಚೆಯೇ ಕಾರು ನಿಲ್ಲಿಸಬೇಕಾಯಿತು. ರಸ್ತೆ ಬದಿಯಲ್ಲಿ ಕೂತು ಅವಳು ವಾಂತಿ ಮಾಡಿದಳು. ನಾಲ್ಕು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು.

ಹೊಟ್ಟೆನೋವು ಹೋಯಿತು, ಹೆದರಿಕೆ ಹೋಗಲಿಲ್ಲ. ಗೆಳತಿಯ ಬರ್ತ್‌ಡೇಗೆ ಹೋಗಿ ನೀರೂ ಕುಡಿಯದೆ ಬಂದಳು. ನಾನು ಬಡಿದ ರೊಟ್ಟಿಯನ್ನೂ ಜಗ್ಗಿ ನೋಡಿ, ಮೂಸಿ, ಆಮೇಲೆ ಬಾಯಿಗೆ ಇಡತೊಡಗಿದಳು. ಹೆತ್ತ ಮಗಳು ನನ್ನ ಕೈಯ ಅನ್ನವನ್ನು ಅನುಮಾನದಿಂದ ನೋಡುವುದನ್ನು ಕಂಡು ಎದೆ ಉರಿಯಿತು. ಜೀವನಪೂರ್ತಿ ಇವಳು ಹೀಗೇ ಹೆದರಿಕೊಂಡು ಉಣ್ಣಬೇಕೇ?

ಸಿಟ್ಟು ತಡೆಯಲಾಗದೆ ನೀಲವ್ವನಿಗೆ ಫೋನ್ ಹಚ್ಚಿದೆ.

"ಎರಡ ಮುಷ್ಟಿ ಹಾಕಿದ್ನಿರಿ ವೈನಿ, ಮೆತ್ತಗಾಗಲಿ ಅಂತ" ಎಂದರು. "ಬರೇ ಜ್ವಾಳ ನಾವ್ ದಿನಾ ಕುರಿ ಹಿಂದ ಕಟಗೊಂಡ ಹೋಗೂದರಿ. ಅದನ್ನ ನಿಮ್ಮ ಮಗಳ ತಾಟಿಗಿ ಹೆಂಗ ನೀಡ್ಲಿ? ಇಷ್ಟೆಲ್ಲಾ ಆಕೈತಿ ಅಂತ ನನಗ ಗೊತ್ತಿದ್ದಿಲ್ಲರಿ."

ಬೈಯದೆಯೇ ಫೋನ್ ಇಟ್ಟೆ. ಬೈಯಲಿಕ್ಕೆ ನನಗೇನು ಹಕ್ಕಿತ್ತು? ನೆಂಟರು ಬಂದರೆ ನಮ್ಮ ಮನೆಯಲ್ಲೂ ಚಪಾತಿಯೇ. ರೊಟ್ಟಿ ನಮ್ಮ ನಮ್ಮಲ್ಲಿ. ಅವರು ಹಾಕಿದ್ದು ಮರ್ಯಾದೆಯ ಹಿಟ್ಟು. ನನ್ನ ಮಗಳಿಗೆ ಅದೇ ವಿಷವಾಯಿತು.

ಮೊನ್ನೆ ಭಾನುವಾರ ನೀಲವ್ವ ಹೇಳದೆ ಕೇಳದೆ ಬಂದರು. ಬಸ್ಸಿನಲ್ಲಿ, ತೊಡೆಯ ಮೇಲೆ ಜೋಳದ ಚೀಲ ಇಟ್ಟುಕೊಂಡು. ಚಹಾ ಕೂಡ ಬೇಡವೆಂದು ನೆಟ್ಟಗೆ ಅಡುಗೆಮನೆಗೆ ನಡೆದರು. ನಮ್ಮ ಗಿರಣಿಯಲ್ಲೇ ಬೀಸಿ, ಶ್ರೇಯಾಳ ಪರಾತದಲ್ಲೇ ನಾದಿ, ರೊಟ್ಟಿ ಬಡಿಯಲು ಕೂತರು.

ಶ್ರೇಯಾ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಮೊದಲ ರೊಟ್ಟಿ ತಾಟಿಗೆ ಬಿದ್ದಾಗ ಕೇಳಿಯೇ ಬಿಟ್ಟಳು: "ಆಯಿ, ಇದ್ರಾಗ ಗೋಧಿ ಹಾಕೀರೇನ್?"

"ಏ ಶ್ರೇಯಾ! ದೊಡ್ಡವರಿಗಿ ಹಂಗ ಕೇಳ್ತಾರೇನ?" ಎಂದು ಗದರಿದೆ. ನಾಚಿಕೆಯಿಂದ ನನ್ನ ಮುಖ ಬಿಸಿಯಾಗಿತ್ತು.

ನೀಲವ್ವ ಕೈ ನಿಲ್ಲಿಸಿದರು. "ಇಲ್ಲ ನನ್ನವ್ವ, ಒಂದ್ ಕಾಳೂ ಇಲ್ಲ" ಎಂದರು ಅವಳಿಗೆ. ಆಮೇಲೆ ನನ್ನ ಕಡೆ ತಿರುಗಿ, "ಆಕಿಗಿ ಯಾಕ ಬೈತೀರಿ ವೈನಿ? ಅವತ್ತ ನೀವ್ ಹಿಂಗ ಕೇಳಿದ್ರ ನಾ ತಾಟ ತಗೀತಿದ್ದಿಲ್ಲೇನ್ರಿ?"

ಶ್ರೇಯಾ ರೊಟ್ಟಿ ಎಳೆದಳು. ಪಟ್ಟನೆ ಮುರಿಯಿತು. ಮೂಸಲಿಲ್ಲ. ಹಾಗೇ ಬಾಯಿಗಿಟ್ಟಳು, ಇನ್ನೊಂದು ಬೇಕೆಂದು ತಾಟು ಚಾಚಿದಳು.

ನಾನು ಮಾತ್ರ ಅಂದಿನಿಂದ ಒಂದೇ ಯೋಚನೆಯಲ್ಲಿದ್ದೇನೆ. ತಡವಳದ ಪಂಕ್ತಿಯಲ್ಲಿ, ಮಗಳನ್ನು ಒತ್ತೆ ಇಟ್ಟು ನಾನು ಉಳಿಸಿದ್ದು ನೀಲವ್ವನ ಮರ್ಯಾದೆಯನ್ನೋ, ನನ್ನದನ್ನೋ?