ಬಿಸಿಲಿಗಿಟ್ಟ ವೈನು

ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ಒಂದು ಬಿರಡೆ ಬಿತ್ತು. ವೈನ್ ಬಾಟಲಿಯದು. ತುದಿಗೆ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ, ಬಿರುಕಿನಲ್ಲಿ ಸಿಕ್ಕಿಕೊಂಡ ರಾಗಿ ಕಾಳು. ಮೂಗಿಗೆ ಹಿಡಿದೆ. ಹಿಡಿದ ಕೂಡಲೇ ಮಂಡಿ ಮಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ಹಾಗೆನ್ನುವವರಿಗೆ ಮಂಡಿ ಮಾವ ಗೊತ್ತಿಲ್ಲ...

ಹಿಂದೂಪುರದಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ವ್ಯಾಪಾರಿ. ನೆಂಟರೇನಲ್ಲ, ಬೀದಿಗೆಲ್ಲ ಮಾವ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಹುಣಸೆ ವಾಸನೆಯ ಟವೆಲು. ಹಣ್ಣನ್ನು ಎರಡು ಬೆರಳಲ್ಲಿ ಉಜ್ಜಿ ಮೂಸಿ, ಇದು ಈ ವರ್ಷದ್ದು, ಇದು ಹೋದ ವರ್ಷದ್ದು, ಇದು ಬೆರಕೆ ಎಂದು ಹೇಳಿಬಿಡುತ್ತಿದ್ದರು. ನಾನು ಆಗಷ್ಟೇ ಡಿಗ್ರಿ ಮುಗಿಸಿದ್ದೆ. ಊರವರ ದನಿಗಳನ್ನು ಅನುಕರಿಸುವುದೊಂದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲವಾದ್ದರಿಂದ ಅವರ ಮಂಡಿಯ ಮೆಟ್ಟಿಲೇ ನನ್ನ ಆಫೀಸು. ನನಗೆ ಒಲಿದ ಮೊದಲ ದನಿಯೂ ಅವರದೇ. ಗಂಟಲಲ್ಲಿ ಗೊರಗೊರ ಒಂದು ಕೆಮ್ಮು, ಅದರ ಬೆನ್ನಿಗೆ "ಎಟ್ಲುಂದಿರಾ?" ಹೇಗಿದೆಯೋ ಎಂದು ಸರಕಿನ ಬಗ್ಗೆ ಕೇಳುವ ವ್ಯಾಪಾರದ ತೆಲುಗು. ನಾನದನ್ನು ಗೋಣಿಚೀಲಗಳ ಹಿಂದೆ ನಿಂತು ಮಾಡಿದರೆ ಹಮಾಲಿಗಳು ಬೀಡಿ ಬಿಸಾಕಿ ಎದ್ದು ನಿಲ್ಲುತ್ತಿದ್ದರು.

ಮಾವನ ಮಹಡಿಯಲ್ಲಿ ಕೊರಿಯಾದ ಒಬ್ಬ ಎಂಜಿನಿಯರ್ ಬಾಡಿಗೆಗಿದ್ದ, ಪೆನುಕೊಂಡದ ಕಡೆ ಕಾರು ಫ್ಯಾಕ್ಟರಿಯಲ್ಲಿ ಕೆಲಸ. ವರ್ಗವಾಗಿ ಹೋಗುವಾಗ ಅವನು ಒಂದು ಪೆಟ್ಟಿಗೆ ಕೆಂಪು ವೈನನ್ನು ಮಾವನ ಕೈಗಿಟ್ಟ. ಇದು ಇನ್ನೂ ಎಳೆಯದು, ಕತ್ತಲಲ್ಲಿ ತಂಪಾಗಿ ಮಲಗಿಸಿಡಿ, ವರ್ಷಕ್ಕೊಂದು ತೆರೆದು ರುಚಿ ಹೇಗೆ ಬದಲಾಗಿದೆ ಎಂದು ತಿಳಿಸಿ, ಕೊನೆಯದನ್ನು ನಾನೇ ಬಂದು ಕುಡಿಯುತ್ತೇನೆ ಎಂದ. ಅವನ ಇಂಗ್ಲಿಷನ್ನು ಕನ್ನಡಕ್ಕೆ ತಂದವನು ನಾನೇ. ಅವನು ಸೊಂಟ ಬಗ್ಗಿಸಿ ವಂದಿಸಿದ್ದನ್ನೂ ಬಿಡದೆ ತಂದೆ.

ಹೆಂಡದ ಅಂಗಡಿಯ ಬೀದಿಯಲ್ಲೂ ನಡೆಯದ ಮಾವ ಬೇಡವೆನ್ನುತ್ತಾರೆ ಅಂದುಕೊಂಡಿದ್ದೆ. ಅವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

"ಒಪ್ಸಿರೋ ಸರಕು ಕಣ್ಲಾ. ಕುಡಿಯೋದು ಬಿಡೋದು ಅವನ್ದು. ಕಾಯೋದು ನಮ್ದು."

ಮನೆಯವರು ಪೆಟ್ಟಿಗೆಯನ್ನು ಒಳಗೆ ಬಿಡಲಿಲ್ಲ. ಮಂಡಿಯ ನೆಲದಡಿ ಹಿಂದಿನವರು ಧಾನ್ಯ ತುಂಬುತ್ತಿದ್ದ ಹಗೇವು ಇತ್ತು, ಬಾಟಲಿಗಳು ಅಲ್ಲಿಗಿಳಿದವು. ಎಂಥ ಜಾಗ ಅಂತೀರಿ! ಕತ್ತಲು, ತಂಪು, ಕಲ್ಲಿನ ಗೋಡೆ. ಒಂದನ್ನು ಮಾತ್ರ ಕಲ್ಯಾಣದುರ್ಗದ ಅಕ್ಕನ ಮನೆಗೆ ಕೊಟ್ಟು ಬಂದರು. ಎಲ್ಲ ಸರಕನ್ನೂ ಒಂದೇ ಗೋಡೌನಿನಲ್ಲಿ ಇಡುವ ಪದ್ಧತಿ ಅವರ ಅಪ್ಪನ ಕಾಲದಿಂದಲೂ ಇರಲಿಲ್ಲ. ಆ ಅಕ್ಕ, ಅಂದರೆ ನನಗೆ ಅತ್ತೆ, ಅದನ್ನು ನೆಂಟರ ಕಣ್ಣಿಗೆ ಬೀಳದ ಹಾಗೆ ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತುಬಿಟ್ಟರು.

ಮೊದಲನೆಯ ಬಾಟಲಿ ತೆರೆದ ದಿನ ಮಾವ ಒಂದು ಹನಿ ಅಂಗೈಗೆ ಹಾಕಿಕೊಂಡು, ಹುಣಸೆಯ ಹಾಗೆ ಉಜ್ಜಿ, ಮೂಸಿದರು. ನಾಲಿಗೆಯ ಕೆಲಸ ನನ್ನದು. ಕುಡಿದೆ. ಒಗರು ಅಂದರೆ ಒಗರು, ದವಡೆ ಮುದುರಿಕೊಂಡಿತು.

"ಎಟ್ಲುಂದಿರಾ?"

ಹೇಗೆ ಹೇಳುವುದು? ಮಾತೆಲ್ಲ ಒಗರಾದ ಕಲ್ಯಾಣದುರ್ಗದ ಅತ್ತೆಯ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮದುವೆ ಮನೆಯಲ್ಲಿ ಅವರು ಎಲೆಯ ಮುಂದೆ ಕೂತ ಗತ್ತಿನಲ್ಲಿ ಅಂದೆ: "ಇದೇನು ತೊವ್ವೆನೇನಮ್ಮಾ? ನಾನು ಕೈ ತೊಳ್ಕೊಳಾಕೆ ನೀರು ಮಡಗವ್ರೆ ಅಂದ್ಕಂಡೆ!"

ಮಾವ ಚೀಲಕ್ಕೆ ಒರಗಿ ನಕ್ಕರು. "ಗೊತ್ತಾಯ್ತು ಬಿಡು. ಇನ್ನೂ ಮಾಗ್ಬೇಕು."

ಅಲ್ಲಿಗೇ ಬಿಟ್ಟಿದ್ದರೆ ಮಾಗುತ್ತಿತ್ತು. ಬೇಸಿಗೆ ಬಂತು. ಒಂದು ಮಧ್ಯಾಹ್ನ ನೋಡುತ್ತೇನೆ, ಮಹಡಿಯ ಮೇಲೆ ಗೋಣಿ ಹಾಸಿ, ಹುಣಸೆಹಣ್ಣು, ಸಂಡಿಗೆ, ತೊಗರಿಬೇಳೆಗಳ ಪಕ್ಕದಲ್ಲಿ ವೈನ್ ಬಾಟಲಿಗಳನ್ನು ಸಾಲಾಗಿ ಮಲಗಿಸಿದ್ದಾರೆ! ಹಿಂದೂಪುರದ ಬಿಸಿಲಿಗೆ!

"ಮಾವಾ! ಇದನ್ನ ಯಾಕೆ ಮೇಲಕ್ಕೆ ತಂದ್ರಿ?"

"ವರ್ಷಕ್ಕೊಂದ್ಸಲಿ ಬಿಸಿಲು ಕಾಣ್ದಿದ್ರೆ ಹುಳ ಬೀಳ್ತವೆ ಕಣ್ಲಾ."

"ವೈನಿಗೆ ಹುಳ ಬೀಳಲ್ಲ ಮಾವಾ. ಅವನು ಕತ್ತಲಲ್ಲಿಡಿ ಅಂದಿರಲಿಲ್ವಾ?"

"ಅವನ ದೇಶದಾಗೆ ಬಿಸಿಲಿಲ್ಲ, ಪಾಪ, ಅದ್ಕೇ ಕತ್ಲಲ್ಲಿ ಇಡ್ತಾರೆ. ನಮಗೆ ದೇವ್ರು ಇಷ್ಟು ಕೊಟ್ಟವ್ನೆ, ಯಾಕೆ ಕಮ್ಮಿ ಮಾಡ್ಬೇಕು?"

ಫೋನಿನಲ್ಲಿ ಹುಡುಕಿ ತೋರಿಸಿದೆ. "ಆ ಫೋನಿಗೆ ಹುಳ ಬಿದ್ದ ಹುಣ್ಸೇಹಣ್ಣು ತೋರ್ಸು, ಏನಂತದೆ ನೋಡಾನ" ಎಂದರು. ಬಾಟಲಿಗಳ ಮೇಲೆ ಒದ್ದೆ ಗೋಣಿ ಹೊದಿಸಿದೆ. ಅದನ್ನು ಕಿತ್ತು, ಇನ್ನೊಂದು ಮಗ್ಗುಲಿಗೂ ಬಿಸಿಲು ತಾಗಲೆಂದು ಬಾಟಲಿಗಳನ್ನು ಹೊರಳಿಸಿದರು. ಸಂಡಿಗೆ ಹೊರಳಿಸುವ ಹಾಗೆ! ಪ್ರತಿ ಬೇಸಿಗೆ ಇದೇ ಜಗಳ, ಪ್ರತಿ ಬೇಸಿಗೆ ನನಗೇ ಸೋಲು.

ಎರಡನೆಯ ವರ್ಷದ್ದು ಕುದಿಸಿದ ಟೊಮೇಟೊಗೆ ಬೆಲ್ಲ ಕಲಸಿದಂತಿತ್ತು. ಮೈಕಿನಲ್ಲಿ ಗಂಟಲು ಕಟ್ಟಿಕೊಂಡು ಕೂಗುವ ಲೀಡರನ ದನಿ ಮಾಡಿದೆ. ಅದರ ಮುಂದಿನದಕ್ಕೆ ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯವನ ಬಿಕ್ಕಳಿಕೆ. ವರ್ಷವರ್ಷವೂ ನನ್ನ ಮಿಮಿಕ್ರಿ ಪಳಗಿತು, ವೈನು ಕೆಟ್ಟಿತು. ಉಳಿದದ್ದೆಲ್ಲ ಕರಿಬೇವಿನ ಗಿಡದ ಬುಡಕ್ಕೆ. ವರ್ಷಕ್ಕೊಮ್ಮೆ ಕೊರಿಯಾದವನು ಫೋನ್ ಮಾಡುತ್ತಿದ್ದ. ಮಾವ ಕಿರುಚುತ್ತಿದ್ದರು, "ಗುಡ್! ಗುಡ್! ನೀನು ಬೇಗ ಬಾರಪ್ಪಾ!" ಫೋನಿಟ್ಟ ಮೇಲೆ ನನ್ನ ಮುಖ ನೋಡುತ್ತಿರಲಿಲ್ಲ.

ಹಿಂದೂಪುರದ ಕೊನೆಯ ಬಾಟಲಿ ತೆರೆದಾಗ ನಾನು ಯಾರ ದನಿಯನ್ನೂ ಮಾಡಬೇಕಾಗಲಿಲ್ಲ. ವಾಸನೆಯೇ ಹುಳಿ ಹೊಡೆಯಿತು. ಮಾವ ಅಂಗೈ ಉಜ್ಜುವುದನ್ನು ಅರ್ಧಕ್ಕೇ ನಿಲ್ಲಿಸಿ ಟವೆಲಿಗೆ ಒರೆಸಿಕೊಂಡರು.

"ನಂಬಿ ಕೊಟ್ಟಿದ್ದ. ಕೆಡಿಸ್ಬುಟ್ಟೆ ಕಣ್ಲಾ."

"ಕಲ್ಯಾಣದುರ್ಗದ್ದು ಇದೆಯಲ್ಲ ಮಾವಾ? ಹೋಗಿ ತರ್ತೀನಿ."

"ಬ್ಯಾಡ. ಅದು ಇದಕ್ಕಿಂತ ಕೆಟ್ಟೋಗಿರ್ತದೆ." ಗೋಡೆ ನೋಡುತ್ತ ಅಂದರು, "ನಮ್ಮಕ್ಕ ಒಂದು ದಿನಾನೂ ಬಿಸಿಲಿಗೆ ಹಾಕಿಲ್ಲ."

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅಷ್ಟಾದ ಮೇಲೂ ತಪ್ಪು ಬಿಸಿಲಿನದಲ್ಲ, ಬಿಸಿಲು ಸಾಲದೆ ಹೋದದ್ದು! ಅವರು ಆ ಬಾಟಲಿಯ ಮಾತನ್ನು ಮತ್ತೆ ಎತ್ತಲಿಲ್ಲ. ಮುಂದಿನ ಬೇಸಿಗೆಯ ಹುಣಸೆ ಒಣಗಲು ಬಂದಾಗ ಅವರಿರಲಿಲ್ಲ...

ಕೊರಿಯಾದವನಿಗೆ ನಾನೇ ತಿಳಿಸಿದೆ. ಅವನು, ಇನ್ನು ನಾನು ಬರಲಾರೆ, ಒಂದಾದರೂ ಉಳಿದಿದ್ದರೆ ನೀನೇ ಅವರ ಹೆಸರಿನಲ್ಲಿ ಕುಡಿದು ಹೇಗಿದೆ ಹೇಳು ಎಂದ. ಮೊನ್ನೆ ಅತ್ತೆಯ ಫೋನು. "ಲೋ, ವಾಡೆ ತಳ ಕಾಣ್ತಾ ಐತೆ. ಆ ದರಿದ್ರದ ಬಾಟ್ಲಿ ಕೈಗೆ ಸಿಕ್ತು. ಬಂದು ಒಂದು ಗತಿ ಕಾಣ್ಸು."

ಹೋದೆ. ಹಜಾರದಲ್ಲಿ ಬಾಟಲಿಯ ಮೈಗಂಟಿದ ರಾಗಿ ಒರೆಸುತ್ತ ಕೇಳಿದೆ, "ಒಂದ್ಸಲವಾದ್ರೂ ಇದನ್ನ ಬಿಸಿಲಿಗಿಟ್ಟಿದ್ರಾ ಅತ್ತೆ?"

"ರಾಗಿಗೆ ಹುಳ ಬೀಳ್ತವೇನೋ? ವಾಡೆ ತಳಾನೇ ಬಗೀದೆ ಇರೋವಾಗ ಇದನ್ನ ಯಾಕೆ ತೆಗೀಲಿ? ಹುಚ್ಚು ನಿಂಗೆ!" ಎಂದು ಅವರು ಅಡುಗೆಮನೆಗೆ ಹೋದರು.

ಬಿರಡೆ ಜೇಬಿಗಿಟ್ಟು ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಒಂದು ಗುಟುಕು. ಒಗರು ಇತ್ತು, ಆದರೆ ಜಗಳಕ್ಕೆ ಬರಲಿಲ್ಲ. ಹುಳಿ ಇತ್ತು, ಹಳೆಯ ಹುಣಸೆಯ ಕಪ್ಪು, ಮೆತ್ತಗಿನ ಹುಳಿ. ನುಂಗಿದ ಮೇಲೂ ಹೋಗದೆ ಗಂಟಲಲ್ಲಿ ಕೂತು ಏನೋ ಹೇಳುತ್ತಿತ್ತು. ಯಾರ ಹಾಗಿದೆ ಇದು? ಊರಿನ ದನಿಗಳನ್ನೆಲ್ಲ ತಡಕಾಡಿದೆ. ಯಾವುದೂ ಕೂಡಲಿಲ್ಲ. ನನಗೇ ಗೊತ್ತಾಗದೆ ಗಂಟಲು ಗೊರಗೊರ ಅಂದಿತು.

"ಎಟ್ಲುಂದಿರಾ?"

"ಬಂದ್ಯೇನಪ್ಪಾ?" ಒಳಗಿನಿಂದ ಅತ್ತೆ ಕೂಗಿದರು. "ಕಾಲು ತೊಳ್ಕೊ, ಮುದ್ದೆ ಆಗೋಯ್ತು..."

ಮುದ್ದೆ ತೊಳಸುವ ಕೋಲಿನ ಸದ್ದು ನಿಂತಿತು.

ಅತ್ತೆ ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಕಂಬಕ್ಕೊರಗಿ ಕೂತು, ಲೋಟವನ್ನೂ ನನ್ನನ್ನೂ ನೋಡಿ ಕೇಳಿದರು, "ಚೆನ್ನಾಗೈತಾ?"

"ಚೆನ್ನಾಗಿದೆ ಅತ್ತೆ. ಕೆಟ್ಟಿಲ್ಲ."

"ಅದನ್ನ ಅವನು ಕೇಳ್ಬೇಕಿತ್ತು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು.

ಇದ್ದಷ್ಟನ್ನೂ ಮುಗಿಸಿ ನಾನು ಹೊರಡುವಾಗ ಅತ್ತೆ ಖಾಲಿ ಬಾಟಲಿಯನ್ನು ತೊಳೆದು ಅಂಗಳದ ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ಎಣ್ಣೆಗಾಗುತ್ತದಂತೆ, ಚೆನ್ನಾಗಿ ಬಿಸಿಲು ಬೀಳಲಿ ಅಂದರು.

ಈಗ ಬಿರಡೆಯನ್ನು ಕಿಟಕಿಯಲ್ಲಿಟ್ಟಿದ್ದೇನೆ. ಅದರಾಚೆ ಮಾವನ ಮಹಡಿ, ಯಾರೂ ಗೋಣಿ ಹಾಸದ ಮಹಡಿ. ಅಷ್ಟು ಬೇಸಿಗೆಗಳ ಜಗಳವನ್ನು ಕೊನೆಗೂ ಗೆದ್ದಿದ್ದೇನೆ, ಸಾಕ್ಷಿ ಸಮೇತ. ಸೋತೆ ಎನ್ನಬೇಕಾದ ಆಸಾಮಿ ಮಾತ್ರ ಎದ್ದುಹೋಗಿದ್ದಾರೆ. ಇದ್ದಿದ್ದರೂ ಒಪ್ಪುತ್ತಿರಲಿಲ್ಲ, ಬಿಡಿ. ಬಿರಡೆಯನ್ನು ಎರಡು ಬೆರಳಲ್ಲಿ ಉಜ್ಜಿ ಮೂಸಿ ಅನ್ನುತ್ತಿದ್ದರು, "ಒಂದು ದಿನ ಬಿಸಿಲಿಗೆ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಕಣ್ಲಾ..."