ಹೆಜ್ಜೇನಿನ ದಾರಿ ಕೇಳಿದ ಮೇಷ್ಟ್ರು

ರುದ್ರಯ್ಯ ಮೇಷ್ಟ್ರು ಆಕಾಶ ನೋಡಿಕೊಂಡೇ ನಡೆಯುತ್ತಿದ್ದರು. ನಮ್ಮ ಐಜೂರು ಬಡಾವಣೆಯ ಆಟೋದವರಿಗೆಲ್ಲ ಇದು ಗೊತ್ತಿದ್ದುದರಿಂದ ಅವರೇ ಸುತ್ತಿಕೊಂಡು ಹೋಗುತ್ತಿದ್ದರು. ನಾನು ರಾಮನಗರದ ಅಂಚೆ ಕಚೇರಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಮೇಷ್ಟ್ರು ತಿಂಗಳಿಗೊಮ್ಮೆ ಬಂದು, ನನ್ನ ಕಿಟಕಿಯ ಮುಂದೆ ಮಾತ್ರ ಕಣ್ಣು ಕೆಳಗಿಳಿಸಿ, "ಐವತ್ತು ಕಾರ್ಡು ಕೊಡಮ್ಮ ಜಯಂತಿ" ಎನ್ನುತ್ತಿದ್ದರು. ಊರಿಗೆ ಊರೇ ಫೋನಿನಲ್ಲಿ ಮಾತಾಡುವ ಈ ಕಾಲದಲ್ಲಿ ನಮ್ಮಲ್ಲಿಗೆ ಕಾರ್ಡುಗಳು ಹೆಚ್ಚುಕಡಿಮೆ ಅವರೊಬ್ಬರಿಗಾಗಿಯೇ ಬರುತ್ತಿದ್ದವು.

ಕಾರ್ಡಿಗೆ ಮುಚ್ಚುಮರೆ ಎಲ್ಲಿಯದು? ಮುದ್ರೆ ಒತ್ತುವಾಗ ಓದದೆ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಮಾಗಡಿಯ ಬಸ್ ಕಂಡಕ್ಟರಿಗೆ, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರಿಗೆ, ಉಯ್ಯಂಬಳ್ಳಿಯಲ್ಲಿ ದನ ಕಾಯುವವರಿಗೆ, ಹಾರೋಹಳ್ಳಿಯ ಫ್ಯಾಕ್ಟರಿ ವಾಚ್‌ಮನ್‌ಗೆ, ಎಲ್ಲರಿಗೂ ಒಂದೇ ಪ್ರಶ್ನೆ: 'ನಿಮ್ಮ ಕಡೆ ಹೆಜ್ಜೇನು ಹಾದುಹೋದವೇ? ಯಾವ ದಿನ? ಯಾವ ದಿಕ್ಕಿಗೆ?'

ಚಳಿಗಾಲಕ್ಕೆ ನಮ್ಮ ಬೆಟ್ಟದ ಬಂಡೆಗಳಿಗೆ ಬಂದು ಹುಟ್ಟು ಕಟ್ಟುವ ಹೆಜ್ಜೇನು ಮಳೆ ಹಿಡಿಯುವ ಹೊತ್ತಿಗೆ ಒಂದೂ ಇರುವುದಿಲ್ಲ. ಎಲ್ಲಿಗೆ ಹೋಗುತ್ತವೆ ಎನ್ನುವುದೇ ಮೇಷ್ಟ್ರ ಯೋಚನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಮಂಡಿ ನೋವಿನಿಂದ ಬೆಟ್ಟ ಹತ್ತಲಾರರು.

"ಒಂದು ಫೋನ್ ಮಾಡಿ ಕೇಳಬಾರದೆ ಮೇಷ್ಟ್ರೇ?" ಎಂದು ಒಮ್ಮೆ ಕೇಳಿದೆ.

"ಫೋನಲ್ಲಿ ಕೇಳಿದ್ರೆ ಜನ ಬಾಯಿಗೆ ಬಂದದ್ದು ಹೇಳ್ಬುಡ್ತಾರೆ. ಕಾರ್ಡು ಬರೆಯೋಕೆ ಮುಂಚೆ ಒಂದ್ಸಲ ಹೊರಕ್ಕೆ ಹೋಗಿ ನೋಡ್ಕೊಂಡು ಬತ್ತಾರೆ" ಎಂದರು. ಆಮೇಲೆ, "ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಲ್ಲಿ ಒಬ್ಬ ಇದ್ದ ಕಣಮ್ಮ. ಉದ್ದ ಗಡ್ಡ, ಯಾವಾಗಲೂ ಕಾಯಿಲೆ. ಮನೇಲೇ ಕೂತು ಪಾರಿವಾಳ ಸಾಕೋರಿಗೆ, ತೋಟದ ಮಾಲಿಗಳಿಗೆ, ಯಾವ್ಯಾವುದೋ ದೇಶದೋರಿಗೆ ಕಾಗದ ಹಾಕ್ತಿದ್ದ. ಬಂದ ಉತ್ತರಾನೆಲ್ಲ ಕೂಡಿಸ್ಕೊಂಡು ಜೀವಿಗಳೆಲ್ಲ ಹೆಂಗೆ ಬದಲಾಗ್ತಾ ಬಂದವು ಅಂತ ಪ್ರಪಂಚದ ತಲೆ ತಿರುಗಿಸೋ ಪುಸ್ತಕ ಬರೆದ. ಕೇಳೋಕೆ ನಾಚಿಕೆ ಪಡಲಿಲ್ಲ ಅವನು" ಎಂದರು.

ಅವರ ಕಾರ್ಡುಗಳನ್ನು ಓದಿ ಓದಿ ನನಗೂ ಏನೋ ಆಗಿತ್ತು. ಜನವಿಲ್ಲದ ಮಧ್ಯಾಹ್ನಗಳಲ್ಲಿ ಕೌಂಟರಿನಲ್ಲಿ ಕೂತಿದ್ದರೆ, ನಾಲ್ಕು ತಾಲ್ಲೂಕುಗಳ ಮೇಲೆ ಕಂದು ಬಣ್ಣದ ನೆರಳೊಂದು ಮೆಲ್ಲಗೆ ತೇಲಿಹೋಗುವುದು ಕಾಣುತ್ತಿತ್ತು.

ಜನ ಹಾಕುವ ಹೊಗೆಗೂ ಬಂಡೆ ಒಡೆಯುವ ಸದ್ದಿಗೂ ಹೆದರಿ ಹೆಜ್ಜೇನು ಗುಳೆ ಹೋಗುತ್ತವೆ ಎಂದು ಮೇಷ್ಟ್ರು ಒಂದು ಲೇಖನ ಬರೆದು ಮುಗಿಸಿದರು. ಮೂರು ವರ್ಷದ ಕೆಲಸ. ಪತ್ರಿಕೆಯೊಂದಕ್ಕೆ ರಿಜಿಸ್ಟರ್ ಮಾಡಿಸಲು ಲಕೋಟೆ ಹಿಡಿದು ಬಂದ ದಿನವೇ ಹೊಂಗನೂರಿನಿಂದ ಅವರಿಗೊಂದು ಕಾರ್ಡು ಬಂದಿತ್ತು. ಕೈಗೇ ಕೊಟ್ಟೆ. ಬರೆದವರು ಪುಟ್ಟಲಕ್ಷ್ಮಮ್ಮ, ರೇಷ್ಮೆ ಹುಳು ಸಾಕುವ ಹೆಂಗಸು.

'ಮೇಷ್ಟ್ರಿಗೆ ನಮಸ್ಕಾರ. ಹೊಗೆಗೆ ಹೆದರಿ ಓಡ್ತವೆ ಅಂತ ಹೋದ್ಸಲದ ಕಾರ್ಡಲ್ಲಿ ಬರ್ದಿದ್ರಿ. ಅಂಗಲ್ಲ. ಹೊಂಗೆ ಹೂ ಮುಗುದ್ಮೇಲೆ ಹೋಯ್ತವೆ. ನಮ್ಮನೆ ಮುಂದ್ಲ ಹುಣಸೆ ಮರದಲ್ಲಿ ನಾಕು ದಿನ ಸುದಾರಿಸ್ಕೊತವೆ, ಹುಟ್ಟು ಕಟ್ಟಕಿಲ್ಲ. ನಮ್ಮವ್ವನ ಕಾಲ್ದಲ್ಲೂ ಅಂಗೇಯ. ಆಗ ಯಾರೂ ಬಂಡೆ ಒಡೀತಿರ್ನಿಲ್ಲ.'

ಮೇಷ್ಟ್ರು ಎರಡು ಸಲ ಓದಿದರು. ಕಿವಿ ಕೆಂಪಾಯಿತು. "ಏಳನೇ ಕ್ಲಾಸು ಓದಿರೋಳು" ಎಂದು ಗೊಣಗಿಕೊಂಡು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ನಾವು ಊಟಕ್ಕೆ ಏಳುವ ಹೊತ್ತಿಗೆ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. "ಇವತ್ತು ಬೇಡಮ್ಮ. ಮೊದಲು ಹೋಗಿ ನೋಡಬೇಕು."

ನೋಡಲು ಒಂದು ವರ್ಷ ಕಾಯಬೇಕಾಯಿತು. ಮೇ ತಿಂಗಳ ಒಂದು ಶನಿವಾರ ಪುಟ್ಟಲಕ್ಷ್ಮಮ್ಮನ ಕಾರ್ಡು ಬಂತು: 'ಬಂದವೆ. ಊರೋರು ಸುಡಬೇಕು ಅಂತಾವ್ರೆ. ಬೇಗ ಬನ್ನಿ.' ಮಾರನೆಯ ದಿನ ಮೇಷ್ಟ್ರ ಜೊತೆ ನಾನೂ ಹೊರಟೆ.

ಹುಣಸೆ ಕೊಂಬೆಗೆ ಎಮ್ಮೆಕರುವಿನಷ್ಟು ದಪ್ಪದ ಕಪ್ಪು ಗೊಂಚಲು ಜೋತುಬಿದ್ದಿತ್ತು. ಪಕ್ಕದಲ್ಲೇ ಅಂಗನವಾಡಿ. ಮರದ ಕೆಳಗೆ ಬಿದಿರ ಗಳುವಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಇಟ್ಟುಕೊಂಡು ನಾಲ್ಕು ಜನ ನಿಂತಿದ್ದರು. ಸುಡಬೇಡಿ ಎಂದರು ಮೇಷ್ಟ್ರು.

"ಮಕ್ಳಿಗೆ ಕಚ್ಚುದ್ರೆ ನೀವು ಬತ್ತೀರಾ ಸಾ?" ಎಂದು ಒಬ್ಬ ಕೇಳಿದ.

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೇಷ್ಟ್ರು ಪುಟ್ಟಲಕ್ಷ್ಮಮ್ಮನ ಕಡೆ ತಿರುಗಿದರು. "ಇನ್ನೆಷ್ಟು ದಿನ ಇರ್ತವೆ ತಾಯಿ?"

"ನಾಳೀಕೆ ನಾಕು ದಿನ ಆಯ್ತದೆ ಸಾ. ಬಿಸ್ಲು ಏರೋ ಹೊತ್ಗೆ ಹೋಯ್ತವೆ."

"ಇವರು ಹೇಳಿದ್ದೇ ನನ್ನ ಮಾತೂ" ಎಂದರು ಮೇಷ್ಟ್ರು, ಆ ನಾಲ್ವರಿಗೆ. "ನಾಳೆ ಮಧ್ಯಾಹ್ನದವರೆಗೆ ಅಂಗನವಾಡಿ ಮುಚ್ಚಿರಲಿ. ಆಮೇಲೂ ಇದ್ರೆ ನಾನು ಅಡ್ಡ ಬರಲ್ಲ."

ಆವತ್ತು ಪುಟ್ಟಲಕ್ಷ್ಮಮ್ಮನ ಮನೆಯಲ್ಲೇ ಉಳಿದೆವು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯಲ್ಲಿ ಜಗಲಿಯ ಮೇಲೆ ಕೂತೆವು. ಹತ್ತಾಯಿತು, ಹತ್ತೂವರೆಯಾಯಿತು. ಗಳು ಹಿಡಿದವರು ಎದುರಿಗೆ ಬಂದು ಕೂತರು. ಮೇಷ್ಟ್ರ ಹಣೆಯಲ್ಲಿ ಬೆವರಿತ್ತು. ಹನ್ನೊಂದು ದಾಟಿದ ಮೇಲೆ ಗೊಂಚಲಿನ ಮೈಮೇಲೆ ಅಲೆಯೊಂದು ಹರಿದಂತಾಯಿತು. ಮತ್ತೊಂದು ಅಲೆ. ಆಮೇಲೆ ಅದು ತುದಿಯಿಂದ ಕರಗತೊಡಗಿತು. ಇಡೀ ಆಕಾಶ ಗುಂಯ್‌ಗುಟ್ಟಿತು. ಅಂಗಳದ ಬಿಸಿಲು ಮಂಕಾಗಿ, ನಮ್ಮ ಕೈ ಮೇಲೆ ಸಣ್ಣ ನೆರಳುಗಳು ಓಡಾಡಿದವು. ನೋಡನೋಡುತ್ತ ಆ ಮೋಡ ತೆಂಗಿನ ಗರಿಗಳ ಮೇಲೆದ್ದು ತೆಂಕಲಿಗೆ, ಕನಕಪುರದ ಕಾಡಿನ ಕಡೆಗೆ ಹೊರಟುಹೋಯಿತು. ಕೊಂಬೆ ಬರಿದಾಗಿತ್ತು. ಮೇಷ್ಟ್ರ ಕಣ್ಣು ತುಂಬಿತ್ತು.

"ಬರ್ಕಳಿ ಸಾ" ಎಂದರು ಪುಟ್ಟಲಕ್ಷ್ಮಮ್ಮ ಮೆಲ್ಲಗೆ. "ಹನ್ನೊಂದೂಕಾಲು."

ಹಳೆಯ ಲೇಖನವನ್ನು ಮೇಷ್ಟ್ರು ಹರಿದುಹಾಕಿದರು. ಹೊಸದು ಬರೆಯಲು ಇನ್ನೂ ಎರಡು ವರ್ಷ ಹಿಡಿಯಿತು. ಅದರ ಮೇಲೆ ಇಬ್ಬರ ಹೆಸರಿತ್ತು, ಮೊದಲನೆಯದು ಪುಟ್ಟಲಕ್ಷ್ಮಮ್ಮನದು. ಈಕೆ ಯಾವ ಕಾಲೇಜಿನವರು ಎಂದು ಪತ್ರಿಕೆಯವರು ಕೇಳಿದ್ದಕ್ಕೆ, 'ಹುಣಸೆ ಮರದ ಮನೆ, ಹೊಂಗನೂರು' ಎಂದು ಬರೆದು ಕಳಿಸಿದರು. ಹಾಗೇ ಅಚ್ಚಾಯಿತು.

ಈ ವರ್ಷ ಮಾಘದಲ್ಲಿ ಮೇಷ್ಟ್ರು ನಿದ್ದೆಯಲ್ಲೇ ಹೋದರು. ಅವರು ವಿಳಾಸ ಬರೆದಿಟ್ಟುಕೊಂಡಿದ್ದ ಪುಸ್ತಕದಲ್ಲಿದ್ದವರಿಗೆಲ್ಲ ಸುದ್ದಿ ತಿಳಿಸಿ ನಾನೇ ಕಾರ್ಡು ಹಾಕಿದೆ. ಒಬ್ಬೊಬ್ಬರೇ ಉತ್ತರ ಬರೆದರು. ಹೊಂಗನೂರಿನಿಂದ ಮಾತ್ರ ಏನೂ ಬರಲಿಲ್ಲ. ಮೇ ತಿಂಗಳಲ್ಲಿ ಬಂತು.

'ಅಕ್ಕಾ, ಮೇಷ್ಟ್ರು ಹೋದದ್ದು ಗೊತ್ತಾಯ್ತು. ಏನು ಬರೀಬೇಕು ಅಂತ ತಿಳೀನಿಲ್ಲ. ನೆನ್ನೆ ಮರಕ್ಕೆ ಬಂದವೆ. ಯಾರಿಗಾರ ಹೇಳ್ಬೇಕಲ್ಲ, ಅದಕ್ಕೆ ನಿಮಗೆ ಬರ್ದಿವ್ನಿ.'

ರಜೆ ಬರೆದುಕೊಟ್ಟು ಹೊಂಗನೂರಿನ ಬಸ್ಸು ಹತ್ತಿದೆ.